ಕವಾಯಿ ದ್ವೀಪದ ಮಕ್ಕಳು

ಮಕ್ಕಳನ್ನು ಗಟ್ಟಿಯಾಗಿ ಬೆಳೆಸಬೇಕು ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಆದರೆ ಗಟ್ಟಿತನವೆಂದರೇನು ಎಂಬುದನ್ನು ನಾವು ವಿಚಾರಮಾಡಿದ್ದು ಕಡಿಮೆ. ಕಲ್ಲೂ ಗಟ್ಟಿ, ಬಿದಿರೂ ಗಟ್ಟಿ. ಕಲ್ಲು ಪೆಟ್ಟನ್ನು ತಾಳುವಷ್ಟು ತಾಳಿ ಒಂದು ದಿನ ಒಡೆದುಹೋಗುತ್ತದೆ. ಬಿದಿರಾದರೋ ಗಾಳಿಗೆ ಬಾಗುತ್ತದೆ, ಗಾಳಿ ನಿಂತ ಮೇಲೆ ಮತ್ತೆ ನೆಟ್ಟಗಾಗುತ್ತದೆ. ಮನಶ್ಶಾಸ್ತ್ರಜ್ಞರು ಮಕ್ಕಳಲ್ಲಿ ಅರಸುವುದು ಈ ಎರಡನೆಯ ಬಗೆಯ ಗಟ್ಟಿತನವನ್ನು. ಅದನ್ನು ಕನ್ನಡದಲ್ಲಿ ಚೇತರಿಕೆಯ ಶಕ್ತಿ ಎನ್ನಬಹುದು. ಈ ಶಕ್ತಿ ಮಗುವಿಗೆ ಎಲ್ಲಿಂದ ಒದಗುತ್ತದೆ ಎಂಬ ಪ್ರಶ್ನೆಗೆ ನಾಲ್ಕು ದಶಕಗಳ ಕಾಲ ಉತ್ತರ ಹುಡುಕಿದ ಒಂದು ಅಧ್ಯಯನದ ಕಥೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇನೆ.

ಶಾಂತಸಾಗರದ ನಡುವಣ ಹವಾಯಿ ದ್ವೀಪಸ್ತೋಮದಲ್ಲಿ ಕವಾಯಿ ಎಂಬುದೊಂದು ಪುಟ್ಟ ದ್ವೀಪ. ಅಲ್ಲಿನ ಮೂಲನಿವಾಸಿಗಳ ಜೊತೆಗೆ, ಕಬ್ಬು ಮತ್ತು ಅನಾನಸು ತೋಟಗಳಲ್ಲಿ ದುಡಿಯಲೆಂದು ಜಪಾನು, ಫಿಲಿಪ್ಪೀನ್ಸ್, ಪೋರ್ಚುಗಲ್ ಮೊದಲಾದ ಕಡೆಗಳಿಂದ ಬಂದು ನೆಲೆಸಿದವರ ಸಂತತಿಯೂ ಅಲ್ಲಿ ಬೆರೆತಿತ್ತು. ಹವಾಯಿ ಅಮೆರಿಕದ ರಾಜ್ಯವಾದದ್ದು 1959ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲು, 1955ರಲ್ಲಿ, ಆ ದ್ವೀಪದಲ್ಲಿ ಜನಿಸಿದ 698 ಮಕ್ಕಳನ್ನು ಅಧ್ಯಯನಕ್ಕೆ ಆರಿಸಿಕೊಳ್ಳಲಾಯಿತು. ವೈದ್ಯರು, ದಾದಿಯರು, ಸಮಾಜ ಕಾರ್ಯಕರ್ತರು, ಮನಶ್ಶಾಸ್ತ್ರಜ್ಞರು ಕೂಡಿ ನಡೆಸಿದ ಈ ಕಾರ್ಯದಲ್ಲಿ ಪ್ರಮುಖರಾದವರು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್. ವರ್ನರ್ 1929ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದ ನಡುವೆ ಬಾಲ್ಯ ಕಳೆದವರು. ಮಕ್ಕಳು ಏನನ್ನು ದಾಟಿ ಬರಬೇಕಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದವರು.

ಈ ಅಧ್ಯಯನದ ವೈಶಿಷ್ಟ್ಯ ಅದರ ನೋಟದ ದಿಕ್ಕಿನಲ್ಲಿದೆ. ಅದುವರೆಗಿನ ವಿದ್ವಾಂಸರು ಬಹುಮಟ್ಟಿಗೆ, ಕೆಟ್ಟುಹೋದ ಬಾಳನ್ನು ಮುಂದಿಟ್ಟುಕೊಂಡು ಹಿಂದಕ್ಕೆ ನೋಡುತ್ತಿದ್ದರು. ಸೆರೆಮನೆಯಲ್ಲಿರುವವನ ಬಾಲ್ಯವನ್ನು ಕೆದಕಿದರೆ ಬಡತನವೋ ಕುಡುಕ ತಂದೆಯೋ ಸಿಕ್ಕುವುದು ಸಹಜ. ಅದೇ ಬಡತನದಲ್ಲಿ, ಅಂಥದೇ ತಂದೆಯ ಮನೆಯಲ್ಲಿ ಬೆಳೆದು ನೆಟ್ಟಗೆ ಬಾಳಿದವನು ಮಾತ್ರ ಈ ಲೆಕ್ಕಕ್ಕೆ ಸಿಕ್ಕುವುದೇ ಇಲ್ಲ! ಕವಾಯಿಯ ಸಂಶೋಧಕರು ಮುಂದಕ್ಕೆ ನೋಡಿದರು. ತಾಯಿಯ ಗರ್ಭದಲ್ಲಿದ್ದಾಗಿನಿಂದ ಆರಂಭಿಸಿ, ಅದೇ ಮಕ್ಕಳನ್ನು 1, 2, 10, 18, 32 ಮತ್ತು 40ರ ವಯಸ್ಸಿನಲ್ಲಿ ಮತ್ತೆ ಮತ್ತೆ ಕಂಡು ವಿಚಾರಿಸಿದರು.

ಕಂಡದ್ದೇನು? ಸುಮಾರು ಮೂರನೆಯ ಒಂದು ಪಾಲು ಮಕ್ಕಳು, ಎರಡು ವರ್ಷ ತುಂಬುವುದರೊಳಗೆ, ಬಡತನ, ಹೆರಿಗೆಯ ತೊಡಕು, ಮನೆಯ ಕಲಹ, ತಂದೆತಾಯಿಯರ ಕುಡಿತ ಅಥವಾ ಮಾನಸಿಕ ರೋಗ ಮುಂತಾದವುಗಳಲ್ಲಿ ನಾಲ್ಕೋ ಅದಕ್ಕಿಂತ ಹೆಚ್ಚೋ ಸಂಕಟಗಳಿಗೆ ಒಳಗಾಗಿದ್ದರು. ಇವರಲ್ಲಿ ಮೂರರಲ್ಲಿ ಎರಡು ಪಾಲು ಮಕ್ಕಳು ಮುಂದೆ ಕಲಿಕೆಯಲ್ಲಿಯೋ ನಡತೆಯಲ್ಲಿಯೋ ಮನಸ್ಸಿನ ಆರೋಗ್ಯದಲ್ಲಿಯೋ ಎಡವಿದರು. ಉಳಿದ ಒಂದು ಪಾಲು, ಅಂದರೆ 72 ಮಂದಿ, ಸಮರ್ಥರೂ ಅಕ್ಕರೆಯುಳ್ಳವರೂ ಆದ ತರುಣ ತರುಣಿಯರಾಗಿ ಬೆಳೆದರು.

ಈ 72 ಮಂದಿಯ ಬಾಳಿನಲ್ಲಿ ಸಾಮಾನ್ಯವಾಗಿದ್ದ ಅಂಶಗಳು ಮೂರು. ಮೊದಲನೆಯದು ಸ್ವಭಾವ: ಎಳವೆಯಿಂದಲೇ ಇವರು ಚಟುವಟಿಕೆಯ, ನಗುಮುಖದ, ಸುಲಭವಾಗಿ ಇತರರ ಪ್ರೀತಿ ಗಳಿಸುವ ಮಕ್ಕಳು. ಎರಡನೆಯದು, ಮನೆಯಲ್ಲಿ ಎಷ್ಟೇ ಗೊಂದಲವಿದ್ದರೂ, ಇವರನ್ನು ಭದ್ರವಾಗಿ ಹಿಡಿದುಕೊಂಡ ಒಂದಾದರೂ ಜೀವ. ಅದು ತಾಯಿಯೇ ಆಗಬೇಕೆಂದಿರಲಿಲ್ಲ; ಅಜ್ಜಿಯೋ ಅಜ್ಜನೋ ಅಕ್ಕನೋ ಚಿಕ್ಕಮ್ಮನೋ ಆ ಸ್ಥಾನವನ್ನು ತುಂಬಿದ್ದುಂಟು. ಮೂರನೆಯದು ಮನೆಯಾಚೆಯ ಆಸರೆ: ನೆರೆಯ ಹಿರಿಯರು, ಗೆಳೆಯರ ತಂದೆತಾಯಿಯರು, ಅನೇಕ ಸಲ ಒಬ್ಬ ಮೇಷ್ಟರು. ಇದರ ಜೊತೆಗೆ ಇನ್ನೊಂದು ಸಂಗತಿ ಗಮನಾರ್ಹ. ತಮ್ಮ ತಂಗಿಯರನ್ನು ನೋಡಿಕೊಳ್ಳುವುದು, ಮನೆಗೆಲಸಕ್ಕೆ ಕೈಜೋಡಿಸುವುದು ಮುಂತಾಗಿ ಈ ಮಕ್ಕಳ ಮೇಲೆ ಏನಾದರೊಂದು ಹೊಣೆಯಿತ್ತು. ತಾನು ಬೇಕಾದವನು, ತನ್ನಿಂದ ನಾಲ್ಕು ಜನಕ್ಕೆ ಉಪಯೋಗವಿದೆ ಎಂಬ ಅರಿವು ಮಗುವಿಗೆ ಬೆನ್ನೆಲುಬಿನಂತೆ.

ಕಷ್ಟಕ್ಕೆ ಒಡ್ಡಿದರೆ ಮಗು ತಾನಾಗಿ ಗಟ್ಟಿಯಾಗುತ್ತದೆ ಎನ್ನುವವರು ಈ ಅಂಕಿಗಳನ್ನು ಇನ್ನೊಮ್ಮೆ ನೋಡಬೇಕು. ಕಷ್ಟ ಮೂವರಲ್ಲಿ ಇಬ್ಬರನ್ನು ಕೆಡವಿತು. ಮೂರನೆಯವನು ನಿಂತದ್ದು ಕಷ್ಟದ ದೆಸೆಯಿಂದಲ್ಲ, ಕಷ್ಟದ ನಡುವೆಯೂ ಕೈಬಿಡದ ಒಬ್ಬರ ದೆಸೆಯಿಂದ. ಕೆಲವರು ಗೆದ್ದು ಬಂದರೆಂಬ ಮಾತನ್ನೇ ಹಿಡಿದು, ಬಡತನವನ್ನೂ ಕುಡಿತವನ್ನೂ ಹಾಗೆಯೇ ಬಿಡಬಹುದೆಂದು ವಾದಿಸುವುದು ಈ ಅಧ್ಯಯನಕ್ಕೆ ಬಗೆಯುವ ಅನ್ಯಾಯ.

ಇನ್ನೂ ಮುಖ್ಯವಾದ ಮಾತೊಂದಿದೆ. ಹದಿನೆಂಟರಲ್ಲಿ ದಾರಿ ತಪ್ಪಿದರೆಂದು ಗುರುತಿಸಲಾಗಿದ್ದವರಲ್ಲಿ ಹೆಚ್ಚಿನವರು ಮೂವತ್ತು ನಲವತ್ತರ ವೇಳೆಗೆ ಚೇತರಿಸಿಕೊಂಡಿದ್ದರು. ಮತ್ತೆ ಓದುವ ಅವಕಾಶ, ಸೈನ್ಯದಲ್ಲಿ ಸೇವೆ, ಸ್ಥಿರಮನಸ್ಸಿನ ಬಾಳಸಂಗಾತಿ, ಧರ್ಮಶ್ರದ್ಧೆ, ಇವು ಅವರಿಗೆ ಎರಡನೆಯ ಬಾಗಿಲನ್ನು ತೆರೆದವು. ಅಧ್ಯಾಪನವನ್ನೇ ವೃತ್ತಿಯಾಗಿ ನಡೆಸಿದ ನನಗೆ ಈ ಭಾಗ ಸಮಾಧಾನದ ಜೊತೆಗೆ ಅಳುಕನ್ನೂ ತರುತ್ತದೆ. ಹಾಜರಿ ಪುಸ್ತಕದ ಕೊನೆಯ ಹೆಸರಿನ ಹುಡುಗನನ್ನು 'ಇವನು ಉದ್ಧಾರವಾಗುವುದಿಲ್ಲ' ಎಂದು ಹದಿನೈದನೆಯ ವಯಸ್ಸಿನಲ್ಲಿಯೇ ತೀರ್ಮಾನಿಸುವುದು ನಮ್ಮ ಶಾಲೆಗಳಲ್ಲಿ ಅಪರೂಪವಲ್ಲ. ನಲವತ್ತು ವರ್ಷ ಕಾದು ನೋಡಿದವರು ಅಂಥ ತೀರ್ಪು ಕೊಡಲಿಲ್ಲ.

ವರ್ನರ್ 2017ರಲ್ಲಿ ತೀರಿಕೊಂಡರು. ಅವರ ಪರಿಶ್ರಮ ತಂದೆತಾಯಿಯರಿಗೆ ಹೇಳುವ ಬುದ್ಧಿಮಾತು ಸರಳವಾದದ್ದು: ಮಗುವಿನ ದಾರಿಯ ಕಲ್ಲುಗಳನ್ನೆಲ್ಲ ಆರಿಸುವುದು ಯಾರಿಂದಲೂ ಆಗದು, ಎಡವಿದಾಗ ಹಿಡಿದುಕೊಳ್ಳಲು ಒಂದು ಕೈ ಇದೆಯೆಂಬ ನಂಬಿಕೆಯನ್ನು ಕೊಡುವುದು ಎಲ್ಲರಿಂದಲೂ ಆಗುತ್ತದೆ. ಆ ಕೈ ಹೆತ್ತವರದೇ ಆಗಬೇಕೆಂದಿಲ್ಲವಾದ್ದರಿಂದ, ಈ ಹೊಣೆಯಿಂದ ನಮ್ಮಲ್ಲಿ ಯಾರೂ ಹೊರತಲ್ಲ.