ಕಾಡಿನ ಹೊದಿಕೆ, ಅಂಗಳದ ಮುಚ್ಚಿಗೆ: ಅಮೆರಿಕದ ಆಗ್ನೇಯದಲ್ಲಿ ಪೈನ್ ತರಗಿನ ಕೊಯ್ಲು

ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಮನೆಯಂಗಳದ ಹೂಪಾತಿಗೂ ಕಚೇರಿಗಳ ಸುತ್ತಣ ಗಿಡಗಳ ಬುಡಕ್ಕೂ ಹಾಸುವ ಕೆಂಗಂದು ಮುಚ್ಚಿಗೆ ಹಲವೆಡೆ ಪೈನ್ ಮರದಿಂದ ಉದುರಿದ ಸೂಜಿ ಎಲೆ. ಜಾರ್ಜಿಯಾ, ಫ್ಲಾರಿಡಾ ಮತ್ತು ಎರಡು ಕೆರೊಲಿನಾಗಳಲ್ಲಿ ಇದು ಹಣ ತರುವ ಅರಣ್ಯೋತ್ಪನ್ನ. ನಿಷೇಧದ ಫಲಕ ಹಾಕಿದ ಜಮೀನಿನಿಂದ ತರಗು ಕದ್ದರೆ ಉತ್ತರ ಕೆರೊಲಿನಾದ ಕಾನೂನು ಅದನ್ನು ಗಂಭೀರ ಅಪರಾಧವೆಂದೇ ಎಣಿಸುತ್ತದೆ. ತೋಟದ ಕಡೆಯಿಂದ ಈ ಮುಚ್ಚಿಗೆಯ ಗುಣಗಾನ ಸಾಕಷ್ಟು ನಡೆದಿದೆ. ಅದು ಹೊರಟುಬಂದ ಕಾಡಿನ ಲೆಕ್ಕವನ್ನು ಬಿಟ್ಟು ಅದರ ಬೆಲೆ ಕಟ್ಟಲಾಗದು ಎಂಬುದು ನನ್ನ ವಾದ.

ಸ್ಲ್ಯಾಷ್, ಲಾಬ್ಲಾಲಿ, ಲಾಂಗ್‌ಲೀಫ್ ಎಂಬ ಮೂರು ಜಾತಿಯ ಪೈನ್‌ಗಳ ತರಗು ಮಾರುಕಟ್ಟೆಗೆ ಬರುತ್ತದೆ. ಹೆಚ್ಚು ಬೆಲೆ ಲಾಂಗ್‌ಲೀಫ್‌ಗೆ. ಅದರ ಎಲೆ 20ರಿಂದ 45 ಸೆಂ.ಮೀ. ಉದ್ದ, ಮೂರು ಮೂರರ ಗೊಂಚಲು. ರಾಳ ಹೆಚ್ಚಿರುವುದರಿಂದ ಬೇಗ ಕೊಳೆಯುವುದಿಲ್ಲ. ಎಲೆ ಬಹುಪಾಲು ಉದುರುವುದು ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ. ಕೊಯ್ಲಿನವರು ಮೊದಲು ಬಿದ್ದ ಕೊಂಬೆ, ಕಾಯಿಗಳನ್ನು ಆರಿಸಿ ತೆಗೆಯುತ್ತಾರೆ. ಆಮೇಲೆ ಹಲ್ಲುಗೋಲಿನಿಂದ ಮೇಲಿನ ಹೊಸ ಎಲೆಯನ್ನಷ್ಟೇ ಸಾಲಾಗಿ ಎಳೆದು, ಮರದ ಪೆಟ್ಟಿಗೆಗೆ ತುಂಬಿ, ಸನ್ನೆಕೋಲಿನಿಂದ ಅದುಮಿ, ಹುರಿಯಿಂದ ಬಿಗಿದು ಹೊರೆ ಕಟ್ಟುತ್ತಾರೆ. ಕೂಲಿ ಅನೇಕ ಕಡೆ ಹೊರೆಯ ಲೆಕ್ಕದಲ್ಲಿ. ಕಡ್ಡಿ, ಕಾಯಿ, ಬೇರೆ ಮರದ ಎಲೆ ಬೆರೆತ ಹೊರೆಗೆ ಬೆಲೆ ಇಳಿಯುತ್ತದೆ. ಕಾಡಿನ ಮುಂದಿನ ತೊಂದರೆಗೆ ಬೀಜ ಬೀಳುವುದು ಈ ‘ಶುದ್ಧ’ ತರಗಿನ ಬೇಡಿಕೆಯಲ್ಲೇ.

ಅಂಗಳದಲ್ಲಿ ಇದರ ಉಪಯೋಗದ ಬಗ್ಗೆ ತಕರಾರಿಲ್ಲ. ಎಲೆಗಳು ಒಂದಕ್ಕೊಂದು ಹೆಣೆದುಕೊಳ್ಳುವುದರಿಂದ ಇಳಿಜಾರಿನಲ್ಲೂ ಮಳೆನೀರಿಗೆ ಸುಲಭವಾಗಿ ಕೊಚ್ಚಿಹೋಗವು; 5ರಿಂದ 8 ಸೆಂ.ಮೀ. ದಪ್ಪ ಹಾಸಿದರೆ ತೇವ ನಿಲ್ಲುತ್ತದೆ, ಕಳೆ ತಗ್ಗುತ್ತದೆ. ಮಣ್ಣು ಹುಳಿಯಾಗುತ್ತದೆಂಬ ಭಯಕ್ಕೆ ಮಾತ್ರ ಆಧಾರ ಕಡಿಮೆ. ಹಸಿ ಎಲೆ ಆಮ್ಲೀಯವೇ ಹೌದು, ಆದರೆ ಮೇಲೆ ಹಾಸಿದ ತರಗು ಕೊಳೆಯುತ್ತ ಹೋದಂತೆ ಮಣ್ಣಿನ ರಸಸಾರದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗುವುದಿಲ್ಲ. ನಿಜವಾದ ಅಪಾಯ ಬೆಂಕಿ. ಒಣತರಗು ಥಟ್ಟನೆ ಹೊತ್ತಿಕೊಳ್ಳುವ ಕಾರಣ ಮರದ ಗೋಡೆಗೆ ತಾಗುವಂತೆ ಹಾಸಬಾರದು.

ಇದೇ ಉರಿಯುವ ಗುಣ ಲಾಂಗ್‌ಲೀಫ್ ಕಾಡಿನ ಜೀವಾಳ. ಒಂದು ಕಾಲಕ್ಕೆ ವರ್ಜೀನಿಯಾದಿಂದ ಟೆಕ್ಸಾಸ್‌ವರೆಗೆ ಸುಮಾರು 9 ಕೋಟಿ ಎಕರೆಯಲ್ಲಿ ಹರಡಿದ್ದ ಈ ಕಾಡು 20ನೆಯ ಶತಮಾನದ ಕೊನೆಗೆ 30 ಲಕ್ಷ ಎಕರೆಯ ಆಸುಪಾಸಿಗೆ ಕುಗ್ಗಿತ್ತು. ಎರಡು-ಮೂರು ವರ್ಷಕ್ಕೊಮ್ಮೆ ನೆಲಮಟ್ಟದಲ್ಲಿ ಹರಿದುಹೋಗುವ ಕಿರುಬೆಂಕಿಯೇ ಇದನ್ನು ಬಯಲುಗಾಡಾಗಿ ಉಳಿಸುತ್ತಿತ್ತು. ಆ ಬೆಂಕಿಯನ್ನು ಮರದಿಂದ ಮರದ ಬುಡಕ್ಕೆ ಒಯ್ಯುವುದು ಉದುರಿದ ಸೂಜಿ ಎಲೆ ಮತ್ತು ವೈರ್‌ಗ್ರಾಸ್ ಎಂಬ ಹುಲ್ಲು. ಆ ಹುಲ್ಲು ಚೆನ್ನಾಗಿ ಹೂಬಿಡುವುದೂ ಬೆಳವಣಿಗೆಯ ಋತುವಿನಲ್ಲಿ ಬೆಂದ ಮೇಲೆಯೇ. ಒಳ್ಳೆಯ ತಾಣಗಳಲ್ಲಿ ಒಂದೇ ಚದರ ಮೀಟರ್ ನೆಲದಲ್ಲಿ 40ರಷ್ಟು ಸಸ್ಯಜಾತಿ ಸಿಗುತ್ತವೆ. ಗೋಫರ್ ಆಮೆಗೆ ಮೇವು ಅದೇ. ‘ಶುದ್ಧ’ ತರಗು ಬೇಕೆಂದಾಗ ಈ ಕೆಳಸ್ತರವೇ ಅಡ್ಡಿ ಎನಿಸಿ, ಅದನ್ನು ಸವರುತ್ತಾರೆ, ಕಳೆನಾಶಕ ಹೊಡೆಯುತ್ತಾರೆ. ವರ್ಷವರ್ಷವೂ ಗುಡಿಸಿದರೆ ಬೆಂಕಿಗೆ ಉರುವಲೂ ಉಳಿಯದು, ಮರಳುಮಣ್ಣಿಗೆ ಹೊದಿಕೆಯೂ ಉಳಿಯದು. ನೂರು ಕಿಲೋ ತರಗಿನಲ್ಲಿ ಸಾರಜನಕ ಸುಮಾರು ಅರ್ಧ ಕಿಲೋ, ಎಷ್ಟೋ ವೇಳೆ ಅದಕ್ಕಿಂತ ಕಡಿಮೆ. ಆದರೆ ಆ ಬಡ ಮಣ್ಣಿಗೆ ಮರಳಿ ಬರುವ ಪೋಷಕಾಂಶದ ದೊಡ್ಡ ಪಾಲು ಈ ದಾರಿಯಲ್ಲೇ ಬರುವುದು.

ಉತ್ತರ ಕನ್ನಡದಲ್ಲಿ ಅಡಿಕೆ ತೋಟಕ್ಕೆ ಸೊಪ್ಪು ಒದಗಿಸುವ ಕಾಡಾದ ಸೊಪ್ಪಿನ ಬೆಟ್ಟದ ಜೊತೆ ಇದನ್ನು ಇಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟ. ಘಟ್ಟದ ಮೇಲೆ ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸವಲತ್ತು ಸಿಕ್ಕಿತ್ತು. ಸೊಪ್ಪು, ದರಕು (ಒಣ ಎಲೆ) ಕೊಟ್ಟಿಗೆಗೆ ಹೋಗಿ ಗೊಬ್ಬರವಾಗಿ ತೋಟ ಸೇರುತ್ತವೆ. ಅತಿಯಾಗಿ ಸವರಿ ಬೋಳಾದ ಬೆಟ್ಟಗಳೂ ಇವೆ, ನಿಜ. ಆದರೂ ಬೆಟ್ಟ ಬಡವಾದರೆ ನಷ್ಟ ಅದೇ ಮನೆಯ ತೋಟಕ್ಕೆ ತಟ್ಟುತ್ತದೆ. ಪೈನ್ ತರಗು ಲಾರಿ ಹತ್ತಿ ದೂರದ ಊರಿಗೆ ಹೋಗುತ್ತದೆ; ಕೊಂಡವರಿಗೆ ಆ ಕಾಡಿನ ಕೆಳಸ್ತರ ಕಾಣುವುದೇ ಇಲ್ಲ.

ಹಾಗೆಂದು ಕೊಯ್ಲನ್ನೇ ನಿಲ್ಲಿಸಿ ಎನ್ನುವುದು ತಪ್ಪಾದೀತು. ಲಾಂಗ್‌ಲೀಫ್ ನಿಧಾನಕ್ಕೆ ಬೆಳೆಯುವ ಮರ. ದೊಡ್ಡ ದಿಮ್ಮಿಗೆ ದಶಕಗಳೇ ಕಾಯಬೇಕು. ನೆಟ್ಟು 10-15 ವರ್ಷಕ್ಕೇ ತರಗಿನ ಹಣ ಕೈಗೆ ಬರುವುದರಿಂದ ಖಾಸಗಿ ಭೂಮಾಲೀಕರು ಈ ಮರವನ್ನು ನೆಡಲು ಒಪ್ಪುತ್ತಾರೆ. ದಾರಿಯಿರುವುದು ಸರದಿಯಲ್ಲಿ: ಹಳೆಯ ಹೊಲದಲ್ಲಿ ಎಬ್ಬಿಸಿದ ನೆಡುತೋಪಿನಲ್ಲಿ ಕೆಲವು ವರ್ಷಕ್ಕೊಮ್ಮೆ, ಕೆಳಗಿನ ಕೊಳೆತ ಪದರ ಮುಟ್ಟದೆ ಗುಡಿಸುವುದು, ನಡುವಿನ ವರ್ಷಗಳಲ್ಲಿ ಎಲೆ ಬಿಟ್ಟು ಬೆಂಕಿ ಹಾಯಿಸುವುದು. ಉಳುಮೆ ಕಾಣದೆ ವೈರ್‌ಗ್ರಾಸ್ ಉಳಿಸಿಕೊಂಡಿರುವ ಹಳೆಯ ಕಾಡಿಗೆ ಹಲ್ಲುಗೋಲು ಹೋಗಲೇಕೂಡದು, ಏಕೆಂದರೆ ಒಮ್ಮೆ ಕಳೆದ ಆ ನೆಲಹಾಸನ್ನು ಮತ್ತೆ ನೆಟ್ಟು ಎಬ್ಬಿಸುವ ಖರ್ಚನ್ನು ಯಾವ ಹೊರೆಯ ಬೆಲೆಯೂ ತುಂಬಿಕೊಡುವುದಿಲ್ಲ.