ಹಿತ್ತಲಿನ ಕಣಜ, ಹೆಜ್ಜೇನು ಹಾಗೂ ಇತರ ಉಪದ್ರವಕಾರಿ ಕೀಟಗಳು: ಸಾರ್ವಜನಿಕರಿಗೆ ಮಾಹಿತಿ

ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿನ ಹಲವಾಗಲು ಹಾಗೂ ಸುತ್ತಲಿನ ಗ್ರಾಮಗಳ, ಅಂತೆಯೇ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಮತ್ತು ಹೂವಿನಹಡಗಲಿ ತಾಲ್ಲೂಕುಗಳ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಮನೆಯ ಹಿತ್ತಲು, ದನದ ಕೊಟ್ಟಿಗೆ, ಮೇವಿನ ಬಣವೆ, ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ, ತಗಡಿನ ಛಾವಣಿ ಮುಂತಾದ ಕಡೆಗಳಲ್ಲಿ ಕಣಜಗಳು ಗೂಡು ಕಟ್ಟುವುದು ಸಾಮಾನ್ಯ. ಇವುಗಳಲ್ಲಿ ಯಾವುದನ್ನು ತೆಗೆಯಬೇಕು, ಯಾವುದನ್ನು ಮುಟ್ಟದೆ ಬಿಡಬೇಕು, ಕಡಿತಕ್ಕೊಳಗಾದವರಿಗೆ ಏನು ಮಾಡಬೇಕು ಮತ್ತು ಅರ್ಜಿಯನ್ನು ಯಾರಿಗೆ ಸಲ್ಲಿಸಬೇಕು ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

1. ಕೀಟಗಳನ್ನು ಗುರುತಿಸುವುದು

ಗೂಡನ್ನು ನೋಡಿದ ಕೂಡಲೇ ಕಲ್ಲು ಅಥವಾ ಕೋಲು ಎತ್ತಿಕೊಳ್ಳದೆ, ಅದು ಯಾವ ಕೀಟದ್ದು ಎಂಬುದನ್ನು ದೂರದಿಂದ ಗಮನಿಸತಕ್ಕದ್ದು.

ಅ) ಕುಂಬಾರ ಹುಳು: ಗೋಡೆ, ಕಿಟಕಿ ಅಥವಾ ಸ್ವಿಚ್ ಪೆಟ್ಟಿಗೆಯ ಮೂಲೆಯಲ್ಲಿ ಹಸಿಮಣ್ಣಿನಿಂದ ಗೂಡು ಕಟ್ಟುತ್ತದೆ. ಒಂಟಿಯಾಗಿ ಬದುಕುವ ಕಣಜವಾದ್ದರಿಂದ ಹಿಂಡಾಗಿ ಮೇಲೆರಗುವುದಿಲ್ಲ. ಕೈಯಲ್ಲಿ ಹಿಡಿದು ಅದುಮದ ಹೊರತು ಕಚ್ಚುವುದು ವಿರಳ. ಗೂಡು ಖಾಲಿಯಾದ ನಂತರ ಕೆರೆದು ತೆಗೆಯಬಹುದು.

ಆ) ಕಾಗದದಂತಹ ಗೂಡಿನ ಕಣಜ (ಕಡಜ): ಗಿಡದ ನಾರನ್ನು ಅಗಿದು ಬೂದುಬಣ್ಣದ ತೆಳು ಗೂಡು ಮಾಡುತ್ತದೆ. ಗೂಡಿನ ಕೋಣೆಗಳು ಹೊರಗೆ ಕಾಣುತ್ತವೆ. ದಕ್ಷಿಣ ಭಾರತದಲ್ಲಿ ಸಾಮಾನ್ಯವಾದ 'ರೋಪಲಿಡಿಯಾ ಮಾರ್ಜಿನೇಟಾ' ಎಂಬ ಕಣಜವು ಈ ಗುಂಪಿಗೆ ಸೇರಿದ್ದು. ಇದರ ಸಾಮಾಜಿಕ ಜೀವನವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ರಾಘವೇಂದ್ರ ಗದಗಕರ್ ಅವರು ದಶಕಗಳ ಕಾಲ ಅಭ್ಯಸಿಸಿ, 2001ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದ್ದಾರೆ. ಗೂಡನ್ನು ಕೆಣಕದಿದ್ದಲ್ಲಿ ಈ ಕಣಜಗಳು ಸಾಮಾನ್ಯವಾಗಿ ತೊಂದರೆ ನೀಡುವುದಿಲ್ಲ.

ಇ) ದೊಡ್ಡ ಕಣಜ: ಕಪ್ಪು ದೇಹದ ಹೊಟ್ಟೆಯ ಮೇಲೆ ಅಗಲವಾದ ಹಳದಿ ಪಟ್ಟಿ ಇರುತ್ತದೆ. ಮರದ ಪೊಟರೆ, ನೆಲದ ಬಿಲ, ಗೋಡೆಯ ಸಂದುಗಳಲ್ಲಿ ಗೂಡು ಕಟ್ಟುತ್ತದೆ. ಇದರ ಕಡಿತವು ಅತಿ ನೋವಿನದು. ಈ ಗೂಡಿಗೆ ಮನೆಯವರು ಸ್ವತಃ ಕೈ ಹಾಕಕೂಡದು.

ಈ) ಹೆಜ್ಜೇನು: ಎತ್ತರದ ಮರ, ನೀರಿನ ಟ್ಯಾಂಕ್, ದೇವಸ್ಥಾನದ ಗೋಪುರ, ಶಾಲಾ ಕಟ್ಟಡಗಳಲ್ಲಿ ಒಂದೇ ದೊಡ್ಡ ಹುಟ್ಟನ್ನು ತೆರೆದ ಜಾಗದಲ್ಲಿ ಕಟ್ಟುತ್ತದೆ. ಒಂದು ಹುಟ್ಟಿನಲ್ಲಿ ಸಾವಿರಾರು ನೊಣಗಳಿರುತ್ತವೆ. ಕೆರಳಿದಾಗ ಹಿಂಡಾಗಿ ಬಹುದೂರ ಬೆನ್ನಟ್ಟುವುದರಿಂದ ಇದೇ ಅತ್ಯಂತ ಅಪಾಯಕಾರಿ.

ಉ) ತುಡುವೆ ಮತ್ತು ಕೋಲುಜೇನು: ತುಡುವೆ ಜೇನು ಪೊಟರೆ, ಗೋಡೆಯ ಸಂದುಗಳಲ್ಲಿಯೂ, ಕೋಲುಜೇನು ಪೊದೆಯ ಕೊಂಬೆಗಳಲ್ಲಿಯೂ ವಾಸಿಸುತ್ತವೆ. ಇವು ಹೆಜ್ಜೇನಿಗಿಂತ ಸೌಮ್ಯ. ತುಡುವೆ ಕುಟುಂಬವನ್ನು ಅನುಭವಿ ಸಾಕಾಣಿಕೆದಾರರು ಪೆಟ್ಟಿಗೆಗೆ ಸ್ಥಳಾಂತರಿಸಬಹುದಾಗಿದೆ.

2. ಇವುಗಳಿಂದ ಆಗುವ ಉಪಯೋಗ

ಎಲ್ಲ ಗೂಡುಗಳನ್ನೂ ನಾಶಪಡಿಸುವುದು ರೈತರಿಗೇ ನಷ್ಟ. ಕಣಜಗಳು ಬೆಳೆ ತಿನ್ನುವ ಮರಿಹುಳುಗಳನ್ನು ಹಿಡಿದು ತಮ್ಮ ಮರಿಗಳಿಗೆ ಉಣಿಸುತ್ತವೆ. ಮೆಕ್ಕೆಜೋಳವನ್ನು ಕಾಡುವ ಫಾಲ್ ಸೈನಿಕ ಹುಳುವು ಭಾರತದಲ್ಲಿ ಮೊದಲು ಕಂಡುಬಂದದ್ದು 2018ರ ಮೇ ತಿಂಗಳಲ್ಲಿ, ನಮ್ಮ ರಾಜ್ಯದ ಶಿವಮೊಗ್ಗದಲ್ಲಿ. ಇಂತಹ ಪೀಡೆಗಳ ಕಾಲದಲ್ಲಿ ಹುಳುಗಳನ್ನು ಬೇಟೆಯಾಡುವ ಕೀಟಗಳ ಅವಶ್ಯಕತೆ ಹೆಚ್ಚು. ಸೂರ್ಯಕಾಂತಿಯಲ್ಲಿ ಕಾಳು ಕಟ್ಟಲು ಜೇನ್ನೊಣಗಳ ಪರಾಗಸ್ಪರ್ಶ ಬಹುಮುಖ್ಯ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗದಿಂದ ರಾಜ್ಯದ ತುಡುವೆ ಕುಟುಂಬಗಳು ಅಪಾರ ಸಂಖ್ಯೆಯಲ್ಲಿ ನಾಶವಾದದ್ದನ್ನು ಇಲ್ಲಿ ಸ್ಮರಿಸಬಹುದು. ಆದ್ದರಿಂದ ಜನ, ಜಾನುವಾರು ಓಡಾಡದ ಜಾಗದಲ್ಲಿರುವ ಗೂಡನ್ನು ಹಾಗೆಯೇ ಬಿಡುವುದು ಸೂಕ್ತ. ಹೆಜ್ಜೇನು ಋತುಮಾನಕ್ಕೆ ತಕ್ಕಂತೆ ವಲಸೆ ಹೋಗುವ ಕೀಟ. ಕೆಣಕದೆ ಬಿಟ್ಟಲ್ಲಿ ತಾನಾಗಿಯೇ ಜಾಗ ಖಾಲಿ ಮಾಡುತ್ತದೆ, ಆದರೆ ಮುಂದಿನ ವರ್ಷ ಅದೇ ಜಾಗಕ್ಕೆ ಮರಳಬಹುದು.

3. ಮನೆಯವರು ಕೈಗೊಳ್ಳಬಹುದಾದ ಕ್ರಮಗಳು

• ಸ್ಟಾರ್ಟರ್ ಪೆಟ್ಟಿಗೆ, ಮೀಟರ್ ಪೆಟ್ಟಿಗೆ, ಗೋಡೆಯ ರಂಧ್ರಗಳನ್ನು ಮುಚ್ಚುವುದು. ಪೆಟ್ಟಿಗೆ ತೆರೆಯುವ ಮೊದಲು ಕೋಲಿನಿಂದ ಮೆಲ್ಲಗೆ ತಟ್ಟಿ, ಸ್ವಲ್ಪ ಕಾಯುವುದು.
• ಬಣವೆಯಿಂದ ಮೇವು ಹಿರಿಯುವಾಗ ಮತ್ತು ಬಹುಕಾಲ ಮುಚ್ಚಿಟ್ಟ ಕೋಣೆಯನ್ನು ತೆರೆಯುವಾಗ ಎಚ್ಚರ ವಹಿಸುವುದು.
• ಮಾಗಿ ಬಿದ್ದ ಹಣ್ಣು, ಬೆಲ್ಲದ ನೀರು, ಮುಸುರೆಯನ್ನು ತೆರೆದಿಡದಿರುವುದು.
• ಕಾಗದದಂತಹ ಗೂಡು ಆರಂಭದ ಹಂತದಲ್ಲಿದ್ದು, ನಿಂಬೆಹಣ್ಣಿಗಿಂತ ಚಿಕ್ಕದಾಗಿದ್ದು, ಒಂದೆರಡು ಕಣಜಗಳು ಮಾತ್ರ ಇದ್ದಲ್ಲಿ, ಮೈತುಂಬ ಬಟ್ಟೆ ಧರಿಸಿ, ನಸುಕಿನ ವೇಳೆ ದೂರದಿಂದ ಸಾಬೂನಿನ ನೀರು ಸಿಂಪಡಿಸಿ, ಉದ್ದನೆಯ ಕೋಲಿನಿಂದ ಬಿಡಿಸಬಹುದು. ಹಿಂದೆ ಕಡಿತದಿಂದ ಮೈ ಊದಿಕೊಂಡವರು ಅಥವಾ ಉಸಿರಾಟದ ತೊಂದರೆ ಅನುಭವಿಸಿದವರು ಈ ಕೆಲಸ ಮಾಡಕೂಡದು.

4. ಮಾಡಬಾರದ ಕೆಲಸಗಳು

• ಸೀಮೆಎಣ್ಣೆ ಅಥವಾ ಪೆಟ್ರೋಲ್ ಸುರಿದು, ಪಂಜು ಹಿಡಿದು ಗೂಡು ಸುಡಕೂಡದು. ಬಣವೆ, ಕೊಟ್ಟಿಗೆ, ಮನೆಗೆ ಬೆಂಕಿ ತಗಲುವ ಅಪಾಯವಿದ್ದು, ಬೆಂಕಿಯಿಂದ ತಪ್ಪಿಸಿಕೊಂಡ ನೊಣಗಳು ದಾರಿಹೋಕರ ಮೇಲೆ ಎರಗುತ್ತವೆ.
• ಬೆಳೆಗೆ ಬಳಸುವ ಕೀಟನಾಶಕವನ್ನು ಮನೆಯ ಗೂಡಿಗೆ ಸಿಂಪಡಿಸಕೂಡದು. ಹಾಗೆ ಸಿಂಪಡಿಸಿದ ಹುಟ್ಟಿನ ಜೇನುತುಪ್ಪವನ್ನು ಯಾವ ಕಾರಣಕ್ಕೂ ಸೇವಿಸಕೂಡದು.
• ಹೆಜ್ಜೇನು ಇರುವ ಮರದ ಕೆಳಗೆ ಅಡುಗೆಯ ಒಲೆ ಹೂಡುವುದು, ಪಟಾಕಿ ಹಚ್ಚುವುದು, ಕಲ್ಲೆಸೆಯುವುದನ್ನು ಮಾಡಕೂಡದು. ಕೊಟ್ಟೂರಿನ ರಥೋತ್ಸವ, ಮೈಲಾರದ ಜಾತ್ರೆಯಂತಹ ಜನದಟ್ಟಣೆಯ ಸಂದರ್ಭಗಳಲ್ಲಿ ಬಿಡಾರ ಹೂಡುವವರು ಮೊದಲು ತಲೆಯ ಮೇಲಿನ ಕೊಂಬೆಗಳನ್ನು ನೋಡಿಕೊಳ್ಳತಕ್ಕದ್ದು. ಅಂತ್ಯಕ್ರಿಯೆಯ ಸ್ಥಳದಲ್ಲಿಯೂ ಇದೇ ಎಚ್ಚರಿಕೆ ಅವಶ್ಯ.
• ರಾತ್ರಿ ಹುಟ್ಟಿನ ಮೇಲೆ ಟಾರ್ಚ್ ಬೆಳಕು ಬಿಡಕೂಡದು. ಹೆಜ್ಜೇನು ಬೆಳದಿಂಗಳಿನಲ್ಲಿಯೂ ಹಾರಬಲ್ಲದು, ದೀಪದ ಬೆಳಕಿಗೆ ಬರುತ್ತದೆ.

5. ಹಿಂಡು ಮೇಲೆರಗಿದಾಗ

ನಿಂತಲ್ಲಿಯೇ ಕೈ ಬೀಸಿ ಹೊಡೆಯಕೂಡದು. ಜೇನ್ನೊಣವು ಕಚ್ಚಿದಾಗ ಹೊರಸೂಸುವ ವಾಸನೆಯು ಇತರ ನೊಣಗಳನ್ನು ಅದೇ ಜಾಗಕ್ಕೆ ಕರೆಯುತ್ತದೆ. ಮುಖ ಮತ್ತು ತಲೆಯನ್ನು ಟವೆಲ್, ಸೆರಗು ಅಥವಾ ಕಂಬಳಿಯಿಂದ ಮುಚ್ಚಿಕೊಂಡು, ಸಮೀಪದ ಮನೆ ಅಥವಾ ವಾಹನದೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು. ನದಿ, ಕಾಲುವೆ, ಬಾವಿಗೆ ಹಾರುವುದು ಮುಳುಗುವ ಅಪಾಯಕ್ಕೆ ಎಡೆಮಾಡುತ್ತದೆ; ನೊಣಗಳು ನೀರಿನ ಮೇಲೆಯೇ ಸುತ್ತುತ್ತಿರುತ್ತವೆ. ಕಟ್ಟಿಹಾಕಿದ ಎತ್ತು, ಆಕಳುಗಳು ತಪ್ಪಿಸಿಕೊಳ್ಳಲಾರವು. ಗೂಡಿನ ಸಮೀಪ ಜಾನುವಾರು ಕಟ್ಟದಿರುವುದೇ ಪರಿಹಾರ.

6. ಪ್ರಥಮ ಚಿಕಿತ್ಸೆ

ಜೇನ್ನೊಣದ ಮುಳ್ಳು ಚರ್ಮದಲ್ಲಿಯೇ ಉಳಿದು ವಿಷ ಸೇರಿಸುತ್ತಲೇ ಇರುತ್ತದೆ. ಉಗುರಿನಿಂದಲಾಗಲಿ, ಬೇರೆ ರೀತಿಯಲ್ಲಾಗಲಿ ತಕ್ಷಣ ತೆಗೆಯುವುದು ಮುಖ್ಯ. ಕಣಜವು ಮುಳ್ಳನ್ನು ಬಿಡುವುದಿಲ್ಲವಾದ್ದರಿಂದ ಒಂದೇ ಕಣಜ ಹಲವು ಬಾರಿ ಕಚ್ಚಬಲ್ಲದು. ಜಾಗವನ್ನು ಸಾಬೂನಿನಿಂದ ತೊಳೆದು, ತಣ್ಣೀರಿನ ಬಟ್ಟೆ ಅಥವಾ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡುವುದು. ಉಂಗುರ, ಬಳೆಗಳನ್ನು ಊತ ಬರುವ ಮುಂಚೆಯೇ ತೆಗೆಯುವುದು. ಮಣ್ಣು, ಸಗಣಿ, ಸುಣ್ಣ, ಸೀಮೆಎಣ್ಣೆ ಹಚ್ಚಕೂಡದು.

ಕೆಳಕಂಡ ಯಾವುದೇ ಲಕ್ಷಣ ಕಂಡಲ್ಲಿ, ಒಂದೇ ಒಂದು ಕಡಿತವಾಗಿದ್ದರೂ, ಪ್ರಾಣಾಪಾಯವೆಂದು ತಿಳಿಯತಕ್ಕದ್ದು:

• ತುಟಿ, ನಾಲಿಗೆ, ಕಣ್ಣಿನ ರೆಪ್ಪೆ ಊದುವುದು. ಮೈಮೇಲೆಲ್ಲ ದದ್ದು ಏಳುವುದು
• ಧ್ವನಿ ಒಡೆಯುವುದು, ಉಸಿರು ಕಟ್ಟುವುದು, ಉಬ್ಬಸ
• ವಾಂತಿ, ತಲೆಸುತ್ತು, ಪ್ರಜ್ಞೆ ತಪ್ಪುವುದು

ಇಂತಹ ಸಂದರ್ಭದಲ್ಲಿ ತೊಡೆಯ ಸ್ನಾಯುವಿಗೆ ನೀಡುವ ಅಡ್ರಿನಲಿನ್ ಚುಚ್ಚುಮದ್ದು ಮೊದಲ ಚಿಕಿತ್ಸೆಯಾಗಿದ್ದು, ಪ್ರತಿಯೊಂದು ನಿಮಿಷವೂ ಮುಖ್ಯವಾಗಿರುತ್ತದೆ. ಕೂಡಲೇ 108 ಆಂಬ್ಯುಲೆನ್ಸ್‌ಗೆ ಕರೆ ಮಾಡುವುದು; ವಾಹನ ಸಿದ್ಧವಿದ್ದಲ್ಲಿ ಕಾಯದೆ ಸಮೀಪದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವುದು. ರೋಗಿಯನ್ನು ಮಲಗಿಸಿ ಕಾಲುಗಳನ್ನು ಎತ್ತರಿಸುವುದು. ಉಸಿರಾಟಕ್ಕೆ ತೊಂದರೆಯಿದ್ದಲ್ಲಿ ಒರಗಿಸಿ ಕೂರಿಸುವುದು. ಎಬ್ಬಿಸಿ ನಡೆಸಕೂಡದು. ಲಕ್ಷಣಗಳು ಇಳಿದ ಕೆಲವು ಗಂಟೆಗಳ ನಂತರ ಮತ್ತೆ ಮರುಕಳಿಸಬಹುದಾದ್ದರಿಂದ ವೈದ್ಯರು ಹೇಳುವವರೆಗೆ ಆಸ್ಪತ್ರೆ ಬಿಡಕೂಡದು.

ಹತ್ತಾರು ಕಡಿತಗಳಾದವರು, ಮಕ್ಕಳು, ವೃದ್ಧರು, ಗರ್ಭಿಣಿಯರು ಆರಾಮವಾಗಿ ಕಂಡರೂ ಆಸ್ಪತ್ರೆಗೆ ತೋರಿಸತಕ್ಕದ್ದು. ವಿಷವು ಹೆಚ್ಚಾದಲ್ಲಿ ಮುಂದಿನ ದಿನಗಳಲ್ಲಿ ಮೂತ್ರಪಿಂಡಗಳಿಗೆ ಹಾನಿಯಾಗಬಹುದು. ಮೂತ್ರವು ಕಡಿಮೆಯಾದಲ್ಲಿ ಅಥವಾ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದಲ್ಲಿ ತಡಮಾಡಕೂಡದು.

7. ಇತರ ಉಪದ್ರವಕಾರಿ ಜೀವಿಗಳು

ಸೊಳ್ಳೆ: ಡೆಂಗಿ ಹರಡುವ ಈಡಿಸ್ ಸೊಳ್ಳೆಯು ಸ್ವಚ್ಛ ನೀರಿನಲ್ಲಿ ಮೊಟ್ಟೆಯಿಡುತ್ತದೆ. ಅದರ ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು, ನೀರು ಒಣಗಿದರೂ ತಿಂಗಳುಗಟ್ಟಲೆ ಉಳಿಯಬಲ್ಲವು. ಆದ್ದರಿಂದ ತೊಟ್ಟಿ, ಡ್ರಮ್ಮು, ದನಗಳ ಬಾನಿಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ, ತಿಕ್ಕಿ ತೊಳೆದು, ಒಣಗಿಸತಕ್ಕದ್ದು. ಹಳೆಯ ಟೈರು, ತೆಂಗಿನ ಚಿಪ್ಪುಗಳನ್ನು ಹಿತ್ತಲಿನಲ್ಲಿ ಬಿಡಕೂಡದು. ರಾಜ್ಯ ಸರ್ಕಾರವು 2024ರಲ್ಲಿ ಸಾಂಕ್ರಾಮಿಕ ರೋಗಗಳ ನಿಯಮಗಳಿಗೆ ತಿದ್ದುಪಡಿ ತಂದು, ಸೊಳ್ಳೆ ಉತ್ಪತ್ತಿಗೆ ಅವಕಾಶ ನೀಡುವ ಮನೆಗಳಿಗೆ ಗ್ರಾಮಾಂತರ ಪ್ರದೇಶದಲ್ಲಿ ರೂ. 200 ಹಾಗೂ ನಗರ ಪ್ರದೇಶದಲ್ಲಿ ರೂ. 400 ದಂಡವನ್ನು ನಿಗದಿಪಡಿಸಿತು.

ಕಂಬಳಿಹುಳು: ಮೈಗೆ ತಾಗಿದಲ್ಲಿ ಉಜ್ಜದೆ, ಅಂಟುಪಟ್ಟಿಯಿಂದ ಕೂದಲುಗಳನ್ನು ಎತ್ತಿ, ನಂತರ ಸಾಬೂನಿನಿಂದ ತೊಳೆಯುವುದು.

ಚೇಳು: ಇದು ಕೀಟವಲ್ಲವಾದರೂ ಕಲ್ಲುರಾಶಿ, ಸೌದೆ ಒಟ್ಟಲಿನಲ್ಲಿ ಅಡಗಿರುತ್ತದೆ. ಕೆಂಪು ಚೇಳಿನ ಕಡಿತವು ಮಕ್ಕಳಿಗೆ ಮಾರಕವಾಗಬಹುದು. ಮಂತ್ರ ಹಾಕಿಸುತ್ತ ಕಾಲ ಕಳೆಯದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

8. ಅರ್ಜಿ ಸಲ್ಲಿಸುವ ವಿಧಾನ

ಶಾಲೆ, ಅಂಗನವಾಡಿ, ನೀರಿನ ಟ್ಯಾಂಕ್, ರಸ್ತೆಬದಿ, ದೇವಸ್ಥಾನ ಮುಂತಾದ ಸಾರ್ವಜನಿಕ ಸ್ಥಳದಲ್ಲಿ ಅಪಾಯಕಾರಿ ಗೂಡು ಇದ್ದಲ್ಲಿ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಸಲ್ಲಿಸಬಹುದು. ಅರ್ಜಿಯಲ್ಲಿ ಈ ಅಂಶಗಳಿರಲಿ:

• ಅರ್ಜಿದಾರರ ಹೆಸರು, ವಿಳಾಸ, ದೂರವಾಣಿ ಸಂಖ್ಯೆ
• ಗೂಡು ಇರುವ ಜಾಗದ ಗುರುತು ಹಾಗೂ ನೆಲದಿಂದ ಅಂದಾಜು ಎತ್ತರ
• ಕೀಟದ ವಿವರ. ಸಾಧ್ಯವಾದಲ್ಲಿ ದೂರದಿಂದ ತೆಗೆದ ಛಾಯಾಚಿತ್ರ
• ಯಾರಿಗಾದರೂ ಕಡಿತವಾಗಿದ್ದಲ್ಲಿ ದಿನಾಂಕ

ಅರ್ಜಿಗೆ ಸ್ವೀಕೃತಿ ಪಡೆದುಕೊಳ್ಳತಕ್ಕದ್ದು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿ, ನಂತರ ಬಳ್ಳಾರಿಗೆ ಮರಳಿ, ವಿಜಯನಗರ ಜಿಲ್ಲೆಯು 2021ರಲ್ಲಿ ರಚನೆಯಾದಾಗ ಆ ಜಿಲ್ಲೆಗೆ ಸೇರಿರುತ್ತದೆ. ಆದುದರಿಂದ ಹಳೆಯ ದಾಖಲೆಗಳಲ್ಲಿ ಬೇರೆ ಜಿಲ್ಲೆಯ ಹೆಸರಿದ್ದರೂ, ಮೇಲಧಿಕಾರಿಗಳಿಗೆ ಬರೆಯುವ ಅರ್ಜಿಯ ವಿಳಾಸದಲ್ಲಿ ವಿಜಯನಗರ ಜಿಲ್ಲೆ, ಹೊಸಪೇಟೆ ಎಂದೇ ನಮೂದಿಸತಕ್ಕದ್ದು. ತುಡುವೆ ಕುಟುಂಬದ ಸ್ಥಳಾಂತರ ಹಾಗೂ ಜೇನು ಸಾಕಾಣಿಕೆಯ ಬಗ್ಗೆ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಛೇರಿಯಲ್ಲಿ ವಿಚಾರಿಸಬಹುದು. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡುವುದು. ಅರ್ಜಿಯ ಮೇಲೆ ಕ್ರಮವಾಗದಿದ್ದಲ್ಲಿ ಜನಸ್ಪಂದನ ಸಹಾಯವಾಣಿ 1902ರಲ್ಲಿ ದೂರು ದಾಖಲಿಸಬಹುದು.

9. ಕಡಿತದಿಂದ ಮರಣ ಸಂಭವಿಸಿದಲ್ಲಿ

ದುಃಖದ ಸಮಯದಲ್ಲಿಯೂ ಕುಟುಂಬದವರು ಪೊಲೀಸ್ ಠಾಣೆಗೆ ತಿಳಿಸಿ, ಮರಣೋತ್ತರ ಪರೀಕ್ಷೆ ಮಾಡಿಸುವುದು ಅವಶ್ಯ. ಇದಿಲ್ಲದೆ ಅಂತ್ಯಕ್ರಿಯೆ ನೆರವೇರಿಸಿದಲ್ಲಿ ಮರಣದ ಕಾರಣವನ್ನು ನಂತರ ಸಾಬೀತುಪಡಿಸುವುದು ಕಷ್ಟವಾಗುತ್ತದೆ. ಮರಣವನ್ನು 21 ದಿನಗಳೊಳಗೆ ನೋಂದಾಯಿಸತಕ್ಕದ್ದು. ಮೃತರು ಬ್ಯಾಂಕಿನ ಮೂಲಕ ಅಪಘಾತ ವಿಮೆ ಮಾಡಿಸಿದ್ದರೇ ಎಂಬುದನ್ನು ಪಾಸ್‌ಬುಕ್ಕಿನಲ್ಲಿ ನೋಡಿ ಬ್ಯಾಂಕಿನಲ್ಲಿಯೂ, ಸರ್ಕಾರದ ಪರಿಹಾರದ ಬಗ್ಗೆ ತಹಶೀಲ್ದಾರರ ಕಛೇರಿ ಹಾಗೂ ರೈತ ಸಂಪರ್ಕ ಕೇಂದ್ರದಲ್ಲಿಯೂ ವಿಳಂಬವಿಲ್ಲದೆ ವಿಚಾರಿಸತಕ್ಕದ್ದು. ಪ್ರಥಮ ವರ್ತಮಾನ ವರದಿ ಅಥವಾ ಅಸ್ವಾಭಾವಿಕ ಮರಣ ವರದಿ, ಮರಣೋತ್ತರ ಪರೀಕ್ಷಾ ವರದಿ, ಮರಣ ಪ್ರಮಾಣ ಪತ್ರ ಮತ್ತು ಚಿಕಿತ್ಸೆಯ ಚೀಟಿಗಳ ಪ್ರತಿಗಳನ್ನು ಕಾಯ್ದಿರಿಸಿಕೊಳ್ಳುವುದು.

ಗೂಡು ಕಂಡಲ್ಲಿ ಮಕ್ಕಳನ್ನು ದೂರವಿಟ್ಟು, ನೆರೆಹೊರೆಯವರಿಗೆ ತಿಳಿಸಿ, ಸಕಾಲದಲ್ಲಿ ಅರ್ಜಿ ಸಲ್ಲಿಸಿ ಸಹಕರಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.