ಹನ್ನೊಂದು ಕಾರುಗಳ ಚರಿತ್ರೆ



'ಅಪೂರ್ವ', 'ವಿರಳ' ಎಂಬ ಎರಡು ಮಾತುಗಳನ್ನು ನಾವು ಒಂದೇ ಅರ್ಥದಲ್ಲಿ ಬಳಸುವುದುಂಟು. ಹಿಂದೆಂದೂ ಇಲ್ಲದಿದ್ದುದು ಅಪೂರ್ವ. ಇದ್ದರೂ ಅಲ್ಲೊಂದು ಇಲ್ಲೊಂದು ಮಾತ್ರ ಕಾಣಸಿಗುವುದು ವಿರಳ. ತರಗತಿಯಲ್ಲಿ ಈ ಭೇದವನ್ನು ವಿವರಿಸುತ್ತಿದ್ದಾಗ ಹುಡುಗನೊಬ್ಬ ಎದ್ದು ನಿಂತ. "ಸಾರ್, ಅಮೆರಿಕದಲ್ಲಿ ಒಂದು ಹಳೆಯ ಕಾರು ಮೂವತ್ತೈದು ಲಕ್ಷ ಡಾಲರಿಗೆ ಹರಾಜಾಯಿತಂತೆ. ಅದು ಅಪೂರ್ವವೋ ವಿರಳವೋ?" ಎಂದು ಕೇಳಿದ. ಶಬ್ದಾರ್ಥ ಬಲ್ಲೆನೆಂಬ ಭರವಸೆಯಿದ್ದ ನನಗೆ ಆಗ ಉತ್ತರ ತೋಚಲಿಲ್ಲ. ಆ ಮೇಲೆ ಓದಿ ತಿಳಿದುದನ್ನು ತಮ್ಮ ಮುಂದಿಡುತ್ತೇನೆ.

ಆ ಕಾರು ೧೯೭೧ರ ಮಾದರಿಯ ಪ್ಲಿಮತ್ ಹೆಮಿ ಕೂಡಾ ಕನ್ವರ್ಟಿಬಲ್. ಅಂದರೆ ಬಟ್ಟೆಯ ಮೇಲ್ಛಾವಣಿಯನ್ನು ಹಿಂದಕ್ಕೆ ಮಡಚಿಡಬಹುದಾದ ಕಾರು. ಪ್ಲಿಮತ್ ಎಂಬುದು ಅಮೆರಿಕದ ಕ್ರೈಸ್ಲರ್ ಕಂಪನಿ ೧೯೨೮ರಲ್ಲಿ ಹೊರತಂದ ಅಗ್ಗದ ಕಾರುಗಳ ಹೆಸರು. ನಮ್ಮ ಹಿರಿಯರಿಗೂ ಅದು ಅಪರಿಚಿತವಲ್ಲ. ಸ್ವಾತಂತ್ರ್ಯ ಬಂದ ಕಾಲದಲ್ಲಿ ಮುಂಬಯಿಯ ಪ್ರೀಮಿಯರ್ ಕಾರ್ಖಾನೆಯವರು ಪ್ಲಿಮತ್ ಕಾರುಗಳನ್ನು ಜೋಡಿಸುತ್ತಿದ್ದರು. ಬರಾಕೂಡಾ ಎಂಬುದು ಚೂಪು ಹಲ್ಲುಗಳ ಒಂದು ಬೇಟೆಗಾರ ಕಡಲಮೀನು. ಆ ಹೆಸರಿನ ಕಾರು ೧೯೬೪ರ ಏಪ್ರಿಲ್ ೧ರಂದು ಮಾರುಕಟ್ಟೆಗೆ ಬಂತು. ಅದರ ಬಲಿಷ್ಠ ಮಾದರಿಗಳನ್ನು ಮುಂದೆ ಚಿಕ್ಕದಾಗಿ 'ಕೂಡಾ' ಎಂದು ಕರೆದರು. ನಮ್ಮ ವ್ಯಾಕರಣದ 'ಕೂಡ' ಎಂಬ ಅವ್ಯಯಕ್ಕೂ ಇದಕ್ಕೂ ಸಂಬಂಧವಿಲ್ಲ!

ಇನ್ನು 'ಹೆಮಿ'. ಗ್ರೀಕ್ ಭಾಷೆಯಲ್ಲಿ ಹೆಮಿ ಎಂದರೆ ಅರ್ಧ. ಎಂಜಿನಿನಲ್ಲಿ ಇಂಧನ ಉರಿಯುವ ಕೋಣೆಯ ಮೇಲ್ಭಾಗವು ಇಲ್ಲಿ ಅರ್ಧಗೋಳದಂತೆ, ಬೋರಲು ಹಾಕಿದ ಬಟ್ಟಲಿನಂತೆ ಇರುತ್ತದೆ. ಇದರಿಂದ ದೊಡ್ಡ ವಾಲ್ವುಗಳನ್ನು ಎದುರುಬದುರಾಗಿ ಇರಿಸಲು ಸ್ಥಳ ದೊರೆಯುತ್ತದೆ. ಗಾಳಿಯೂ ಇಂಧನವೂ ಒಂದು ಕಡೆಯಿಂದ ಸರಾಗವಾಗಿ ಒಳಬಂದು, ಉರಿದ ಹೊಗೆ ಇನ್ನೊಂದು ಕಡೆಯಿಂದ ಸರಾಗವಾಗಿ ಹೊರಹೋಗುತ್ತದೆ. ಕ್ರೈಸ್ಲರ್ ಇಂಥ ಎಂಜಿನನ್ನು ೧೯೫೧ರಲ್ಲಿಯೇ ಮಾರಿತ್ತು. ತೂಕವೂ ಖರ್ಚೂ ಹೆಚ್ಚೆಂದು ಆ ದಶಕದ ಕೊನೆಗೆ ಕೈಬಿಟ್ಟು, ಪಂದ್ಯಗಳಿಗಾಗಿ ೧೯೬೪ರಲ್ಲಿ ಮತ್ತೆ ಕೈಗೆತ್ತಿಕೊಂಡಿತು. ಆ ವರ್ಷ ಫ್ಲಾರಿಡಾದ ಡೇಟೋನಾದಲ್ಲಿ ನಡೆದ ೫೦೦ ಮೈಲಿಯ ಪಂದ್ಯದಲ್ಲಿ ರಿಚರ್ಡ್ ಪೆಟ್ಟಿ ಗೆದ್ದರು. ಮೊದಲ ಮೂರು ಸ್ಥಾನಗಳೂ ಹೆಮಿ ಎಂಜಿನಿನ ಪ್ಲಿಮತ್ ಕಾರುಗಳಿಗೇ ಸಂದವು. ಪಂದ್ಯದ ಅಧಿಕಾರಿಗಳು, ಸಾರ್ವಜನಿಕರಿಗೆ ಮಾರದ ಎಂಜಿನನ್ನು ಪಂದ್ಯದಲ್ಲಿ ಓಡಿಸಕೂಡದೆಂದು ನಿಯಮ ಬಿಗಿ ಮಾಡಿದರು. ಹೀಗಾಗಿ ೧೯೬೬ರಿಂದ ಈ ಎಂಜಿನು ಬೀದಿಯ ಕಾರುಗಳಿಗೂ ಬಂದಿತು. ಏಳು ಲೀಟರು ಗಾತ್ರ, ಎರಡು ಕಾರ್ಬುರೇಟರುಗಳು, ಕಂಪನಿ ಹೇಳಿದ ಲೆಕ್ಕದಂತೆ ೪೨೫ ಅಶ್ವಶಕ್ತಿ. ಅದರ ಗಾತ್ರವನ್ನು ಕಂಡು ಜನ ಅದಕ್ಕೆ 'ಆನೆ' ಎಂದೇ ಹೆಸರಿಟ್ಟರು.

ಆ ಕಾಲವೂ ಇದಕ್ಕೆ ಅನುಕೂಲವಾಗಿತ್ತು. ಎರಡನೆಯ ಮಹಾಯುದ್ಧದ ನಂತರ ಹುಟ್ಟಿದ ಮಕ್ಕಳು ಆಗ ಕಾರು ನಡೆಸುವ ವಯಸ್ಸಿಗೆ ಬಂದಿದ್ದರು. ಪೆಟ್ರೋಲು ಅಗ್ಗವಾಗಿತ್ತು. ಸಾಧಾರಣ ಬೆಲೆಯ ಕಾರಿನೊಳಗೆ ಅಸಾಧಾರಣ ಎಂಜಿನನ್ನು ಕೂರಿಸಿದರೆ ತರುಣರು ಮುಗಿಬೀಳುವರೆಂಬುದನ್ನು ಪಾಂಟಿಯಾಕ್ ಕಂಪನಿ ೧೯೬೪ರಲ್ಲಿ ತನ್ನ ಜಿ.ಟಿ.ಓ. ಕಾರಿನಿಂದ ತೋರಿಸಿಕೊಟ್ಟಿತು. ಇಂಥವುಗಳಿಗೆ 'ಮಸಲ್ ಕಾರು', ಅಂದರೆ ಮಾಂಸಖಂಡದ ಕಾರು, ಎಂಬ ಹೆಸರು ನಿಂತಿತು. ಅತ್ತ ಫೋರ್ಡರ ಮಸ್ಟಾಂಗ್ ಕಾರು ಬರಾಕೂಡಾ ಬಂದ ಹದಿನಾರೇ ದಿನಗಳ ಮೇಲೆ ಬಂದರೂ ಮೊದಲ ವರ್ಷದಲ್ಲೇ ನಾಲ್ಕು ಲಕ್ಷಕ್ಕೂ ಮಿಕ್ಕಿ ಮಾರಾಟವಾಗಿ ಬರಾಕೂಡಾವನ್ನು ಬಹಳ ಹಿಂದೆ ಹಾಕಿತು.

ಈ ಹಿನ್ನಡೆಗೆ ಉತ್ತರವಾಗಿ ೧೯೭೦ರಲ್ಲಿ ಹೊಸ ಬರಾಕೂಡಾ ಹೊರಬಂತು. ಜಾನ್ ಹರ್ಲಿಟ್ಜ್ ರೂಪಿಸಿದ ಆ ಒಡಲು ಅಗಲವಾಗಿ, ನೆಲಕ್ಕೆ ತಗ್ಗಾಗಿ ಇತ್ತು. 'ಆನೆ'ಯೂ ಒಳಗೆ ಹಿಡಿಸುವಷ್ಟು ಸ್ಥಳವಿತ್ತು. ಗಟ್ಟಿ ಛಾವಣಿಯ ಕಾರಾಗಲಿ, ಮಡಚುವ ಛಾವಣಿಯ ಕಾರಾಗಲಿ, ಯಾವ ಎಂಜಿನು ಬೇಕೆಂದು ಗಿರಾಕಿ ಚೀಟಿಯಲ್ಲಿ ಬರೆಸಿದರೆ ಕಾರ್ಖಾನೆ ಹಾಗೆಯೇ ಜೋಡಿಸಿ ಕೊಡುತ್ತಿತ್ತು. ಆ ವರ್ಷ ಹೆಮಿ ಎಂಜಿನಿನ ಗಟ್ಟಿ ಛಾವಣಿಯ ಕೂಡಾಗಳು ೬೫೨ ತಯಾರಾದವು. ಮಡಚುವ ಛಾವಣಿಯವು ಎಷ್ಟು ಗೊತ್ತೆ? ಹದಿನಾಲ್ಕು! ಮರುವರ್ಷ, ೧೯೭೧ರ ಮಾದರಿಯಲ್ಲಿ, ಬರಿಯ ಹನ್ನೊಂದು. ಅವುಗಳಲ್ಲಿ ಏಳು ಅಮೆರಿಕದಲ್ಲಿ ಮಾರಾಟವಾದವು; ಉಳಿದವು ಹೊರದೇಶಗಳಿಗೆ ಹೋದವು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಇಂದಿನ ಕೆಲವು ಕಂಪನಿಗಳು 'ಇಷ್ಟೇ ಮಾಡುತ್ತೇವೆ' ಎಂದು ಮೊದಲೇ ಸಾರಿ ಬೆಲೆ ಏರಿಸುವುದುಂಟು. ಕೂಡಾದ ಕಥೆ ಹಾಗಲ್ಲ. ಹನ್ನೊಂದೇ ಮಾಡೋಣವೆಂದು ಅಲ್ಲಿ ಯಾರೂ ನಿಶ್ಚಯಿಸಿರಲಿಲ್ಲ. ಕೇಳಿದವರೇ ಅಷ್ಟು ಮಂದಿ.

ಏಕೆ ಕೇಳಲಿಲ್ಲ? ಮೊದಲನೆಯದು ಬೆಲೆ. ೧೯೭೦ರಲ್ಲಿ ಮಡಚುವ ಛಾವಣಿಯ ಕೂಡಾದ ಬೆಲೆ ಸುಮಾರು ೩,೪೦೦ ಡಾಲರು. ಅದಕ್ಕೆ ಹೆಮಿ ಎಂಜಿನು ಬೇಕೆಂದರೆ ಮೇಲೆ ಸುಮಾರು ೮೭೦ ಡಾಲರು. ಎರಡನೆಯದು ಅಭಿರುಚಿ. ವೇಗದ ಹುಚ್ಚಿನವರು ಗಟ್ಟಿ ಛಾವಣಿಯನ್ನೇ ಆರಿಸುತ್ತಿದ್ದರು. ಛಾವಣಿ ತೆಗೆದ ಕಾರಿನ ಒಡಲು ಬಳುಕದಂತೆ ಕೆಳಗೆ ಹೆಚ್ಚು ಕಬ್ಬಿಣ ಕೂಡಿಸಬೇಕಾಗಿ ತೂಕ ಏರುತ್ತಿತ್ತು. ಗಾಳಿಗೆ ಮುಖವೊಡ್ಡಿ ಸಂಜೆಯ ಸವಾರಿ ಹೋಗುವವರಿಗೋ, ಸಣ್ಣ ಎಂಜಿನೇ ಸಾಕಾಗಿತ್ತು. ಈ ಎರಡು ಆಸೆಗಳು ಒಬ್ಬನೇ ಗಿರಾಕಿಯಲ್ಲಿ ಕೂಡಿಬರುವುದು ಕಷ್ಟ. ಮೂರನೆಯದು ವಿಮೆ. ಅತಿ ಬಲದ ಕಾರುಗಳ ತರುಣ ಮಾಲೀಕರಿಂದ ವಿಮಾ ಕಂಪನಿಗಳು ಭಾರಿ ಹಣ ಕೇಳತೊಡಗಿದವು. ಕಾರು ಕೊಂಡರೂ ವಿಮೆ ಕಟ್ಟಲಾಗದ ಸ್ಥಿತಿ ಬಂತು.

ಇದರ ಮೇಲೆ ಸರ್ಕಾರದ ಕಾನೂನು. ೧೯೭೦ರ ಡಿಸೆಂಬರ್ ೩೧ರಂದು ಅಧ್ಯಕ್ಷ ನಿಕ್ಸನ್ ಶುದ್ಧವಾಯು ಕಾಯಿದೆಗೆ ಸಹಿ ಹಾಕಿದರು. ಹೊಸ ಕಾರುಗಳ ಹೊಗೆಯಲ್ಲಿರುವ ಮುಖ್ಯ ವಿಷಾಂಶಗಳನ್ನು ೧೯೭೫ರ ಮಾದರಿಗಳ ವೇಳೆಗೆ ಶೇಕಡ ೯೦ರಷ್ಟು ತಗ್ಗಿಸಬೇಕೆಂದು ಅದು ವಿಧಿಸಿತು. ಕೆಲವೇ ಗಿರಾಕಿಗಳ ಎಂಜಿನಿಗಾಗಿ ಅಷ್ಟು ಶ್ರಮಪಡುವುದು ಲಾಭದಾಯಕವಾಗಿರಲಿಲ್ಲ. ಬೀದಿಯ ಹೆಮಿಗೂ, ಬರಾಕೂಡಾದ ಮಡಚುವ ಛಾವಣಿಗೂ ೧೯೭೧ರ ಮಾದರಿಯೇ ಕೊನೆಯದಾಯಿತು. ೧೯೭೩ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದಾಗ ಅಮೆರಿಕದ ಪೆಟ್ರೋಲು ಬಂಕುಗಳ ಮುಂದೆ ಸಾಲುಗಳು ಬೆಳೆದವು. ೧೯೭೪ರ ಏಪ್ರಿಲ್ ೧ರಂದು, ಹುಟ್ಟಿದ ಹತ್ತು ವರ್ಷಕ್ಕೆ ಸರಿಯಾಗಿ, ಬರಾಕೂಡಾದ ತಯಾರಿಕೆ ನಿಂತಿತು. ಹೆಮಿ ಕೂಡಾಗಳನ್ನು ಜೋಡಿಸಿದ, ಡೆಟ್ರಾಯಿಟ್ ನಗರದ ಮಗ್ಗುಲಿನ ಹ್ಯಾಮ್‌ಟ್ರ್ಯಾಮಕ್ ಕಾರ್ಖಾನೆಯೂ ೧೯೮೦ರಲ್ಲಿ ಮುಚ್ಚಿತು. ಪ್ಲಿಮತ್ ಹೆಸರು ೨೦೦೧ರಲ್ಲಿ ಅಳಿಯಿತು.

ಕಾಲ ತಿರುಗಿತು. ಆ ಕಾರುಗಳನ್ನು ಆಸೆಪಟ್ಟು ನೋಡಿ ಕೊಳ್ಳಲಾಗದೆ ಉಳಿದ ಹುಡುಗರು ನಡುವಯಸ್ಸಿಗೆ ಬಂದು ಹಣ ಕಂಡರು. ೨೦೧೪ರ ಜೂನ್ ತಿಂಗಳಲ್ಲಿ ಸಿಯಾಟಲ್ ನಗರದ ಹರಾಜಿನಲ್ಲಿ ಹನ್ನೊಂದರಲ್ಲಿ ಒಂದಾದ ನೀಲಿ ಕಾರು ೩೫ ಲಕ್ಷ ಡಾಲರಿಗೆ ಹೋಯಿತು. ನನ್ನ ವಿದ್ಯಾರ್ಥಿ ಕೇಳಿದ್ದು ಇದನ್ನೇ.

ಬೆಲೆ ಏರಿದೊಡನೆ ನಕಲಿಯೂ ಹುಟ್ಟುತ್ತದೆ. ಸಾಮಾನ್ಯ ಬರಾಕೂಡಾಗೆ ಹೆಮಿ ಎಂಜಿನು ಕೂರಿಸಿ ಅಸಲೆಂದು ತೋರಿಸಬಹುದಷ್ಟೆ. ಆದುದರಿಂದ ಪರೀಕ್ಷಕರು ಮೊದಲು ಕಾರಿಗೆ ಹೊಡೆದ ಸಂಖ್ಯೆಯನ್ನು ಓದುತ್ತಾರೆ. ಅಸಲು ಕಾರಿನ ಸಂಖ್ಯೆ ಬಿ, ಎಸ್, ೨೭, ಆರ್, ೧, ಬಿ ಎಂದು ಆರಂಭವಾಗುತ್ತದೆ. ಮೊದಲ ಬಿ ಬರಾಕೂಡಾ, ಎಸ್ ಅದರ ದರ್ಜೆ, ೨೭ ಮಡಚುವ ಛಾವಣಿ, ಆರ್ ಹೆಮಿ ಎಂಜಿನು, ೧ ಎಂದರೆ ೧೯೭೧, ಕೊನೆಯ ಬಿ ಹ್ಯಾಮ್‌ಟ್ರ್ಯಾಮಕ್. ಜೋಡಿಸುವಾಗ ಕೆಲಸಗಾರರು ನೋಡಿಕೊಳ್ಳುತ್ತಿದ್ದ ಒಂದು ಹಾಳೆಯೂ ಉಂಟು. ಕೆಲಸ ಮುಗಿದ ಮೇಲೆ ಅದು ಬೇಡವಾಗಿ ಎಷ್ಟೋ ವೇಳೆ ಆಸನದ ಸ್ಪ್ರಿಂಗುಗಳ ನಡುವೆಯೇ ಉಳಿದುಬಿಡುತ್ತಿತ್ತು. ಇಂದು ಆ ಹರಿದ ಹಾಳೆ ತಾಮ್ರಶಾಸನಕ್ಕೆ ಸಮ. ನಕಲಿ ಕಾರು ಕೂಟಶಾಸನಕ್ಕೆ ಸಮ. ಅಕ್ಷರ ನೋಡಿ ಅಸಲು ಯಾವುದು, ಕೂಟ ಯಾವುದೆಂದು ಬಿಡಿಸುವ ಕೆಲಸ ಎರಡು ಕಡೆಗೂ ಒಂದೇ.

ಮರುದಿನ ಹುಡುಗನಿಗೆ ಹೇಳಿದೆ: "ಅದು ಅಪೂರ್ವವಲ್ಲಪ್ಪ. ಅಂಥ ಎಂಜಿನೂ ಹಿಂದೆ ಇತ್ತು, ಅಂಥ ಛಾವಣಿಯೂ ಇತ್ತು. ಅದು ವಿರಳ. ಇದ್ದಾಗ ಬೇಡವೆಂದದ್ದರಿಂದ ವಿರಳವಾಯಿತು."

ವಾಚಕರೆ, ಅಂಚೆ ಕಚೇರಿಯ ಮುದ್ರೆಯೊತ್ತಿದ ಹಳೆಯ ರೇಡಿಯೋ ಲೈಸೆನ್ಸ್ ಪುಸ್ತಕ ತಮ್ಮ ಮನೆಯ ಅಟ್ಟದ ಮೇಲೆ ಇದ್ದೀತು. ಅದಕ್ಕೆ ಲಕ್ಷ ಡಾಲರು ಬಂದೀತೆಂದು ನಾನು ಹೇಳಲಾರೆ. ಆದರೆ ತಮ್ಮ ಮನೆಗೆ ಮೊದಲ ಸಲ ಹಾಡು ಬಂದ ವರ್ಷ ಯಾವುದೆಂದು ಮೊಮ್ಮಕ್ಕಳು ಕೇಳಿದಾಗ, ಉತ್ತರ ಅದರಲ್ಲಿದೆ. ರದ್ದಿಗೆ ಹಾಕುವ ಮುನ್ನ ಒಮ್ಮೆ ಓದಿ ನೋಡಿರಿ.